ತೊಳೆಯಬಾರದಿದ್ದ ಚೀಲಗಳು

ಬನಹಟ್ಟಿಯ ನಮ್ಮ ಪಡಸಾಲೆಯಲ್ಲಿ ಗಂಜಿಯ ವಾಸನೆ ಹಬ್ಬಿದೆ. ಅವ್ವ ನೂಲಿಗೆ ಗಂಜಿ ಹಚ್ಚುತ್ತಿದ್ದಾಳೆ. ನಿಮಗೆ ಈ ವಾಸನೆ ಹಿಡಿಸುತ್ತದೋ ಇಲ್ಲವೋ, ನನಗಂತೂ ಮೂಗಿಗೆ ಬಿದ್ದೊಡನೆ ಎದೆ ಉಬ್ಬುತ್ತದೆ. ಕಾರಣ ಹೇಳಬೇಕೆಂದರೆ ನನ್ನ ಪೆದ್ದತನವನ್ನೂ ಹೇಳಬೇಕು. ಇರಲಿ.

ಸಂಡೂರಿನ ಕಡೆ ಕಬ್ಬಿಣದ ಅದಿರನ್ನು ಉಂಡೆ ಕಟ್ಟಿ ಸುಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ. ಸುಡುವಾಗ ಗಂಧಕದ ಹೊಗೆ ಏಳುತ್ತದೆ, ಗಂಟಲು ಕೊರೆಯುವಂಥದ್ದು. ಅದಕ್ಕೆ ಸುಣ್ಣದ ಪುಡಿ ಊದಿ, ದಪ್ಪ ಬಟ್ಟೆಯ ಉದ್ದುದ್ದ ಚೀಲಗಳಲ್ಲಿ ಸೋಸಿ ಹೊರಗೆ ಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಆ ಚೀಲಗಳ ಹೊಲಿಗೆ ಬಿಟ್ಟುಹೋಗಿತ್ತು. ಪಕ್ಕದ ಶಾಲೆಯ ಮೇಷ್ಟ್ರು ಬೇಸಿಗೆಯಲ್ಲೂ ಕಿಟಕಿ ಮುಚ್ಚಿಕೊಂಡೇ ಪಾಠ ಮಾಡುತ್ತಿದ್ದರು. "ನಮ್ಮವ್ವನ ಕೈಲಿ ಹೊಲಿಸಿ ತರ್ತೀನ್ರೀ, ಸೋಮವಾರದಿಂದ ಕಿಟಕಿ ತೆಗೀರಿ" ಎಂದು ಅವರಿಗೆ ಮಾತು ಕೊಟ್ಟು ಬಂದೆ.

ಅವ್ವ ಹೊಲಿದಳು. ನೇಕಾರರ ಮನೆಯಿಂದ ಹೊಲಸು ಬಟ್ಟೆ ಹೊರಗೆ ಹೋಗುವುದುಂಟೇ? ಒಗೆದು, ಒಣಗಿಸಿ, ಮಡಿಚಿ ಕೊಟ್ಟಳು. ನಾನೂ ನೇಕಾರನ ಮಗ ನೋಡಿ, ಆ ಬಿಳುಪಿಗೆ ಮರುಳಾಗಿ ಹಾಗೆಯೇ ಕಟ್ಟಿಸಿದೆ. ಸೋಮವಾರ ಭಟ್ಟಿ ಹೊತ್ತಿಸಿ ಅರ್ಧ ಗಂಟೆಯಾಗಿಲ್ಲ, ಮೇಷ್ಟ್ರು ಬಾಗಿಲಿಗೆ ಬಂದರು.

"ಏನ್ರೀ, ನಿಮ್ಮನ್ನ ನಂಬಿ ಕಿಟಕಿ ತೆಗೆದೆ. ಮಕ್ಕಳು ಕೆಮ್ಮಿ ಕೆಮ್ಮಿ ಅಳ್ತಾ ಇದಾರೆ!"

ಭಟ್ಟಿ ಆರಿಸಿದೆವು. ನನಗೆ ತಲೆ ಎತ್ತಲಾಗಲಿಲ್ಲ. ಊದಿದ ಪುಡಿಯೊಂದೇ ಸಾಲದು, ಗಂಧಕವನ್ನು ಹಿಡಿಯುವುದು ಚೀಲಕ್ಕೆ ಅಂಟಿ ಕೂತ ಸುಣ್ಣದ ಪದರ. ಅವ್ವ ತೊಳೆದು ಚೆಲ್ಲಿದ್ದು ಅದನ್ನೇ. ಸಿಟ್ಟೆಲ್ಲ ಫೋನಿನಲ್ಲಿ ಅವಳ ಮೇಲೆ ಹೋಯಿತು.

"ಯಾಕ ತೊಳದಿ ಬೇ? ಅದರ ಮ್ಯಾಲಿನ ಸುಣ್ಣಾನ ಹೊಗಿ ಹಿಡೀತಿತ್ತು!"

"ಹೊಲಸ ಅರಿವಿ ಕೊಟ್ಟು ಮಾನ ಕಳ್ಕೊಳ್ಳಲೇನು?" ಎಂದಳು. "ಅಲ್ಲೋ ತಮ್ಮಾ, ಗಂಜಿ ಹಚ್ಚದ ನೂಲು ಮಗ್ಗಕ್ಕ ಏರಸ್ತೇವೇನು? ಮದಲ ಸುಣ್ಣ ಹಚ್ಚು, ಆಮ್ಯಾಲ ಉರಿ ಹಚ್ಚು. ಇಷ್ಟೂ ತಿಳೀಲಿಲ್ಲೇನು ಖೋಡಿ?"

ಮರುದಿನ ಭಟ್ಟಿ ಹೊತ್ತಿಸುವ ಮೊದಲೇ ಮುಧೋಳದ ಸುಣ್ಣದ ಪುಡಿಯನ್ನು ಚೀಲಗಳಿಗೆಲ್ಲ ಊದಿಸಿದೆ. ಆಮೇಲೆ ಉರಿ ಹಚ್ಚಿಸಿ, ಶಾಲೆಯ ಅಂಗಳದಲ್ಲಿ ನಿಂತು ನಮ್ಮ ಸೀಮೆಯ ಬೇಟೆನಾಯಿಯ ಹಾಗೆ ಮೂಸಿದೆ. ಗಂಟಲಿಗೆ ಏನೂ ಹತ್ತಲಿಲ್ಲ! ಇಂದಿಗೂ ನಮ್ಮಲ್ಲಿ ಚೀಲ ಬದಲಿಸಿದರೆ, "ಗಂಜಿ ಆತೇನ್ರೀ?" ಎಂದು ಕೇಳದೆ ಯಾರೂ ಉರಿ ಹಚ್ಚುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ನಮ್ಮವ್ವ ಕಲಿಸಿದ್ದು ಅದು, ಸ್ವಾಮಿ. ಹೆಮ್ಮೆ ಪಡದೆ ಹೇಗಿರಲಿ?

ಅಂದಹಾಗೆ, ಈಗ ಗಂಜಿ ಕುಡಿಯುತ್ತಿರುವ ನೂಲು ಅದೇ ಶಾಲೆಯ ಪರದೆಗಳಿಗೆ. ಕಿಟಕಿಗಳು ದಿನವಿಡೀ ತೆರೆದೇ ಇರುವುದರಿಂದ ಕರಿಹಲಗೆಯ ಮೇಲೆ ಬಿಸಿಲು ಬೀಳುತ್ತದಂತೆ. ಮೇಷ್ಟ್ರೇ ಕೇಳಿ ಮಾಡಿಸುತ್ತಿದ್ದಾರೆ. ಅವ್ವ ಕೈ ಒರೆಸಿಕೊಂಡು ನನ್ನತ್ತ ನೋಡಿದಳು.

"ಇವನ್ನರ ತೊಳೀಬಹುದಲ್ಲೋ?"