ಗೇಟಿಗೆ ಕೊಟ್ಟ ಬೋಲ್ಟು

ಮೊನ್ನೆ ಕಮಲಾಪುರದ ಮನೆಯಲ್ಲಿ ಹಳೆಯ ಕಬ್ಬಿಣದ ಪೆಟ್ಟಿಗೆ ತೆರೆದೆ. ಎಣ್ಣೆ ಹೀರಿದ ಪೇಪರಿನ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಒಂದು ಪೊಟ್ಟಣ, ಅದರೊಳಗೆ ಉಳಿದ ಒಂದೇ ಒಂದು ಬೋಲ್ಟು. ಅದು ಅಲ್ಲಿದೆ ಎಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಎಂಟು ವರ್ಷ ಆ ಪೆಟ್ಟಿಗೆಯ ಹತ್ತಿರ ಸುಳಿಯದೆ ಇದ್ದದ್ದೇ ಅದಕ್ಕಾಗಿ...

ಕಪನೂರಿನಲ್ಲಿ, ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರ ನಟ್ಟು-ಬೋಲ್ಟಿನ ಅಂಗಡಿಯಿತ್ತು. ಕಲಬುರಗಿಯ ರೋಜಾ ಬಡಾವಣೆಯಿಂದ ದಿನಾ ಸೈಕಲ್ ತುಳಿದು ಬರುತ್ತಿದ್ದರು. "ಹದಿನಾರು ಎಂಎಂ ಬೋಲ್ಟು ಕೊಡ್ರಿ" ಎಂದರೆ ಅವರಿಗೆ ಸಾಕಾಗುತ್ತಿರಲಿಲ್ಲ. "ಎಲ್ಲಿಗಿ ಹಾಕ್ತಿ, ಮೊದಲು ಅದು ಹೇಳು" ಎನ್ನುವರು. ಹೇಳಿದ ಮೇಲೆ ಬೋಲ್ಟಿನ ತಲೆಯ ಮೇಲಿನ ಅಂಕಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಪೇಪರಿನಲ್ಲಿ ಸುತ್ತಿ, ಅದು ಎಲ್ಲಿಗೆ ಎಂಬುದನ್ನು ಪೊಟ್ಟಣದ ಮೇಲೆ ಸೊಟ್ಟ ಕನ್ನಡದಲ್ಲಿ ಬರೆದೇ ಕೊಡುತ್ತಿದ್ದರು. ಮೋಟರ್, ಚಪ್ಪರ, ಜೋಕಾಲಿ. ಹೆಣ್ಣು ಕೊಡುವಾಗಲೂ ಜನ ಇಷ್ಟು ವಿಚಾರಿಸುವುದಿಲ್ಲ ಎಂದು ನಾನು ಚುಡಾಯಿಸಿದ್ದೂ ಉಂಟು.

ಅಂಕಿ ಓದಲು ನನಗೆ ಕಲಿಸಿದವರೂ ಅವರೇ. ಒಮ್ಮೆ ಒಂದೇ ದಪ್ಪದ ಎರಡು ಬೋಲ್ಟು ನನ್ನ ಅಂಗೈಯಲ್ಲಿಟ್ಟರು. ಒಂದರ ಮೇಲೆ 4.6, ಇನ್ನೊಂದರ ಮೇಲೆ 8.8.

"ದಪ್ಪ ನೋಡಿ ಮೋಸ ಹೋಗಬ್ಯಾಡ ಬೇಟಾ. ಮೊದಲಿನ ಅಂಕಿ ಎಷ್ಟು ಎಳದ್ರ ತುಂಡಾಗ್ತದ ಅಂತ ಹೇಳ್ತದ. ಚುಕ್ಕಿ ಆದ ಮ್ಯಾಲಿಂದು, ತುಂಡಾಗೋಕ್ಕಿಂತ ಮೊದಲು ಯಾವಾಗ ಹಿಗ್ಗಿ ಸೋಲ್ತದ ಅಂತ. ಒಮ್ಮೆ ಸೋತ್ರ ಮುಗೀತು, ಮತ್ತ ಮೊದಲಿನಂಗ ಆಗಂಗಿಲ್ಲ."

ಇಷ್ಟೆಲ್ಲ ಗೊತ್ತಿದ್ದೂ ನಾನು ಹಾಗೆ ಮಾಡಿದೆ. ಟ್ರ್ಯಾಕ್ಟರಿಗೆ ಟ್ರಾಲಿ ಕಟ್ಟುವ ಕೊಂಡಿಯ ಬೋಲ್ಟುಗಳು ಸವೆದಿದ್ದವು. ಕೆಂಪು ಬಾಳೆಯ ಗೊನೆ ಕಡಿದಿಟ್ಟಾಗಿತ್ತು, ಮರುದಿನವೇ ಕಲಬುರಗಿ ಪೇಟೆಗೆ ಮುಟ್ಟಿಸಬೇಕಿತ್ತು. ಅಂಗಡಿಗೆ ಹೋದರೆ 8.8ರ ಡಬ್ಬಿ ಖಾಲಿ. ಟ್ರಾಲಿಗೆ ಎಂದರೆ ಚಾಚಾ 4.6 ಕೊಡದೆ ಬರಿಗೈಯಲ್ಲಿ ಕಳಿಸುತ್ತಾರೆಂದು ಗೊತ್ತಿತ್ತು. "ಎಲ್ಲಿಗಿ?" ಎಂದರು. "ಮನಿ ಗೇಟಿಗಿ ಚಾಚಾ" ಎಂದೆ. 4.6ರವು ಐದು ಕಟ್ಟಿಕೊಟ್ಟರು. ನಾಲ್ಕು ಕೊಂಡಿಗೆ ಹಾಕಿದೆ.

ಮರುದಿನ ಇಳಿಜಾರಿನಲ್ಲಿ ಕೊಂಡಿ ಕಳಚಿತು. ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ನಾನು. ಗೊನೆಗಳ ಮೇಲೆ ಕೂತಿದ್ದ ತಮ್ಮ ಟ್ರಾಲಿಯ ಕೆಳಗೆ ಸಿಕ್ಕ. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ.

ಮೂರನೆಯ ದಿನ ಚಾಚಾ ಆಸ್ಪತ್ರೆಗೆ ಬಂದರು. ಅಪ್ಪ ತುಂಡಾದ ಬೋಲ್ಟನ್ನು ಅವರ ಕೈಗಿಟ್ಟು, "ನಿಮ್ಮ ಅಂಗಡೀದೇ ಅದ ನೋಡ್ರಿ" ಎಂದರು. ಚಾಚಾ ಅದರ ತಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಅಲ್ಲಿದ್ದದ್ದು 4.6. ನನ್ನ ಕಡೆ ತಿರುಗಿದರು.

"ಎಲ್ಲಿಗಿ ಅಂತ ನಾ ಕೇಳಿಲ್ಲೇನು ಬೇಟಾ?"

ಅಪ್ಪ ನನ್ನನ್ನೇ ನೋಡುತ್ತಿದ್ದರು. ತಮ್ಮನ ಹೆಂಡತಿಯೂ ನೋಡುತ್ತಿದ್ದಳು...

"ಇಲ್ಲ ಚಾಚಾ. ನೀವು ಕೇಳಿಲ್ಲ."

"ಪೇಪರ್ ಎಲ್ಲದ? ಮ್ಯಾಲ ಬರದಿರ್ತೀನಲ್ಲ."

"ಎಲ್ಲೋ ಒಗದೀನಿ."

ಪೊಟ್ಟಣ ನನ್ನ ಜೇಬಿನಲ್ಲೇ ಇತ್ತು.

ನಾನು ಸುಳ್ಳು ಹೇಳಬಹುದೆಂದು ಚಾಚಾ ಅವರಿಗೆ ಹೊಳೆಯಲೇ ಇಲ್ಲ. ತಮ್ಮನ ಮಂಚದ ಹತ್ತಿರ ಹೋಗಿ ಅವನ ಎರಡೂ ಕೈ ಹಿಡಿದು, "ನಂದೇ ತಪ್ಪದ, ಮಾಫ್ ಮಾಡು" ಎಂದರು. ಆಮೇಲೆ ಅಂಗಡಿಯಲ್ಲಿ ಗಿರಾಕಿಗಳನ್ನು ಎರಡೆರಡು ಸಲ ಕೇಳುತ್ತಿದ್ದರಂತೆ, ಕಟ್ಟಿದ ಪೊಟ್ಟಣ ಬಿಚ್ಚಿ ಮತ್ತೆ ನೋಡುತ್ತಿದ್ದರಂತೆ. ಅವರಿಗೆ ತಮ್ಮದೇ ಕೈಯ ಮೇಲಿನ ನಂಬಿಕೆ ಹೋಗಿತ್ತು. ಕೆಲವೇ ತಿಂಗಳಲ್ಲಿ ಅಂಗಡಿ ಮುಚ್ಚಿದರು. ಹೋಗಿ ನಿಜ ಹೇಳಬೇಕು, ನಾಳೆ ಹೋಗುತ್ತೇನೆ ಎಂದುಕೊಳ್ಳುತ್ತಲೇ ವರ್ಷಗಳನ್ನು ಕಳೆದೆ. ಹೋದ ತಿಂಗಳು ಚಾಚಾ ತೀರಿಕೊಂಡರು. ಹೇಡಿ ನಾನು, ಮಣ್ಣಿಗೂ ಹೋಗಲಿಲ್ಲ.

ನಿನ್ನೆ ಪೊಟ್ಟಣ ಹಿಡಿದು ರೋಜಾದ ಅವರ ಮನೆಗೆ ಹೋದೆ. ಅವರ ಹೆಂಡತಿ, ಚಾಚಿ, ಕೂರಿಸಿ ನೀರು ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ, "ಕಡೀತನಕ ನಿನ್ನ ತಮ್ಮಂದೇ ಮಾತು. ಕೇಳದೇ ನಾ ಹೆಂಗ ಕೊಟ್ಟೆ, ಹೆಂಗ ಕೊಟ್ಟೆ ಅಂತಿದ್ರು" ಎಂದರು.

ಪೊಟ್ಟಣವನ್ನು ಅವರ ಮುಂದಿಟ್ಟೆ. ಸೊಟ್ಟ ಅಕ್ಷರ ಇನ್ನೂ ಮಾಸಿರಲಿಲ್ಲ: ಗೇಟ್.

"ಕೇಳಿದ್ರು ಚಾಚಿ. ನಾನೇ ಸುಳ್ಳು ಹೇಳ್ದೆ."

ಚಾಚಿ ಗಂಡನ ಅಕ್ಷರದ ಮೇಲೆ ಬಹಳ ಹೊತ್ತು ಕೈಯಾಡಿಸಿದರು.

"ಒಂದು ತಿಂಗಳು ಮೊದಲು ಬಂದಿದ್ರ ಸಾಕಿತ್ತು, ಬೇಟಾ."