ವಿಲ್ಫ್ ಗ್ಯಾರಡ್ ಕೆತ್ತಿ ತೆಗೆದ ಸಿಮೆಂಟ್

ಗಾರೆ ಕೆಲಸದ ವಿಲ್ಫ್ ಗ್ಯಾರಡ್ ಕೂತಲ್ಲಿ ಕೂರುವ ಆಸಾಮಿಯಲ್ಲ. ಎಪ್ಪತ್ತೆರಡು ವಯಸ್ಸು, ಏಣಿ ಹತ್ತಕೂಡದೆಂದು ಡಾಕ್ಟರು ಹೇಳಿದ್ದಾರೆ. ಆದರೂ ಈ ಅಕ್ಟೋಬರ್ ಪೂರ್ತಿ ಬೆಳಗಾದರೆ ಸಾಕು, ನಮ್ಮ ಕಣಜದ ಪಡುಗೋಡೆಯಲ್ಲಿ ಅವನ ಉಳಿಯ ಸದ್ದು. ಚಹಾ ಕೊಟ್ಟರೆ ಒಂದು ಗುಟುಕು ಕುಡಿದು ಆಕಾಶ ನೋಡುತ್ತಾನೆ, ಮತ್ತೆ ಏಣಿ ಹತ್ತುತ್ತಾನೆ.

ಇಂಗ್ಲೆಂಡಿನ ಈ ನಮ್ಮ ಸಫೋಕ್ ಸೀಮೆಯ ಹಳೇ ಇಟ್ಟಿಗೆ ಮೆತ್ತಗಿನದು. ಇದೇ ಹೊಲದ ಮಣ್ಣು ಅಗೆದು ಸುಟ್ಟದ್ದು. ಆ ಗುಂಡಿಯಲ್ಲೀಗ ಬಾತುಗಳು ಈಜುತ್ತವೆ. ಇಟ್ಟಿಗೆಗಳ ಸಂದಿನಲ್ಲಿ ಸುಣ್ಣದ ಗಾರೆಯಿದ್ದರೆ ಗೋಡೆ ಕುಡಿದ ನೀರು ಹೊರಗೆ ಹೋಗುತ್ತದೆ. ಮೂವತ್ತು ವರ್ಷದ ಹಿಂದೆ ವಿಲ್ಫ್ ಅಲ್ಲಿಗೆಲ್ಲ ಸಿಮೆಂಟ್ ತುಂಬಿದ. ನೀರು ಒಳಗೇ ಉಳಿದು, ಚಳಿಗೆ ಹೆಪ್ಪುಗಟ್ಟಿ, ಇಟ್ಟಿಗೆಯ ಮುಖ ಬಿಸ್ಕತ್ತಿನಂತೆ ಉದುರತೊಡಗಿತು. ಇನ್ನೊಂದು ಚಳಿಗಾಲವನ್ನು ಗೋಡೆ ತಾಳುವುದಿಲ್ಲ. ಸಿಮೆಂಟ್ ಕೆತ್ತಿ ಸುಣ್ಣ ತುಂಬಬೇಕು. ಸುಣ್ಣ ಗಟ್ಟಿಯಾಗುವ ಮೊದಲೇ ನೀರು ಹೆಪ್ಪುಗಟ್ಟುವ ಚಳಿ ಬಿದ್ದರೆ ಅದೂ ಹಾಳು.

ಪಬ್ಬಿನಲ್ಲಿ ಅವನನ್ನು ‘ಸಿಮೆಂಟ್ ಗ್ಯಾರಡ್’ ಎಂದು ರೇಗಿಸುತ್ತಾರೆ. ಕೇಳಿದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತೇನೆ. ಸುಣ್ಣಕ್ಕೆ ವಾರಗಟ್ಟಲೆ ಬೇಕೆಂದು ಆಗಲೇ ಅವನು ಹೇಳಿದ್ದ. ನನ್ನ ಮಗಳ ಮದುವೆ ಹತ್ತಿರ ಬಂದಿತ್ತು, ಕಣಜದಲ್ಲೇ ಊಟ. ಸಿಮೆಂಟೇ ಹಾಕಿ ಬೇಗ ಮುಗಿಸು ಎಂದವಳು ನಾನು. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ನಾಚಿಕೆ, ಬೇರೇನಿಲ್ಲ.

ಮಂಗಳವಾರ ರೇಡಿಯೋದಲ್ಲಿ ವಾರದ ಕೊನೆಗೆ ಚಳಿ ಎಂದರು. ಗೋಡೆಯ ತುದಿ ಇನ್ನೂ ಬಾಕಿ. ತಡೆಯಲಾಗದೆ ಹೊರಗೆ ಹೋದೆ.

“ಇಳಿಯೋ ವಿಲ್ಫ್. ಸೊಂಟ ಮುರ್ಕೊಂಡ್ರೆ ನಿನ್ನ ಹೆಂಡ್ತಿ ನನ್ನ ಸುಮ್ನೆ ಬಿಡ್ತಾಳಾ?”

“ನಾನು ಮನೇಲಿಲ್ದಿದ್ರೇನೇ ಅವಳಿಗೆ ನೆಮ್ಮದಿ, ಅಮ್ಮಾವ್ರೇ.”

“ಸಿಮೆಂಟ್ ಹಾಕ್ಸಿದ್ದು ನಾನು ಅಂತ ಇವತ್ತು ಪಬ್ಬಲ್ಲಿ ಹೇಳ್ಬಿಡ್ತೀನಿ.”

ಉಳಿಯ ಸದ್ದು ನಿಂತಿತು.

“ಬೇಡಿ. ನೀವು ಗೊತ್ತಿಲ್ದೆ ಕೇಳಿದ್ರಿ. ನಾನು ಗೊತ್ತಿದ್ದೂ ಹಾಕ್ದೆ. ನಮ್ಮಪ್ಪ ಇದ್ದಿದ್ರೆ ಕೈಯಿಂದ ಕರಣೆ ಕಿತ್ಕೊಳ್ತಿದ್ದ.”

ಅವನು ಮತ್ತೆ ಉಳಿ ಎತ್ತಿದ. ಕತ್ತಲಾಗುವವರೆಗೆ ಏಣಿ ಹಿಡಿದು ನಿಂತೆ. ಆಮೇಲೆ ನೇರ ಪಬ್ಬಿಗೆ ಹೋಗಿ, ಎಲ್ಲರೂ ಕೇಳುವಂತೆ ಹೇಳಿಬಂದೆ. 

ಮರುದಿನ ಬೆಳಿಗ್ಗೆ ಅವನನ್ನು ರೇಗಿಸುತ್ತಿದ್ದವರಲ್ಲಿ ಇಬ್ಬರು ತಮ್ಮ ತಮ್ಮ ಉಳಿ ಹಿಡಿದು ಅಂಗಳಕ್ಕೆ ಬಂದರು. ವಿಲ್ಫ್ ಅವರನ್ನು ಮೇಲಿಂದ ಕೆಳಗೆ ನೋಡಿದ. ಇಬ್ಬರನ್ನೂ ಸುಣ್ಣ ಕಲಸಲು ಹಚ್ಚಿ, ಸಿಮೆಂಟ್ ಕೆತ್ತಲು ತಾನೊಬ್ಬನೇ ಏಣಿ ಹತ್ತಿದ.