ಊದುಗೊಳವೆಯ ಗಾಡಿಯಲ್ಲಿ ಕೊರಟಗೆರೆಯಿಂದ ಪಾವಗಡಕ್ಕೆ

ಸಂಕ್ರಾಂತಿ ಕಳೆದ ವಾರ, ಬೆಳಗಿನ ಚಳಿಯಲ್ಲಿ ತುಮಕೂರಿನಿಂದ ಗಾಡಿ ಕಟ್ಟಿದೆ. ಯುದ್ಧದ ಕಾಲ. ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದ ಕಡೆ ಪ್ರಯಾಣಿಕರು ಇಳಿದು ತಳ್ಳಬೇಕಾಗಿತ್ತು. ದುಡ್ಡು ಕೊಟ್ಟು ತಳ್ಳುವ ಕೆಲಸ ನನಗೆ ಒಪ್ಪಲಿಲ್ಲ. ನಾನು ಹಳೆಯ ಕಬ್ಬಿಣ, ಹಿತ್ತಾಳೆ ಕೊಂಡು ಮಾರುವವನು. ತಲೆಯ ಮೇಲೆ ಉಪ್ಪಿನ ಬುಟ್ಟಿ ಹೊತ್ತು ಬೀದಿ ಬೀದಿ ಕೂಗಿ ಈ ಗಾಡಿಯನ್ನೂ ಜೋಡಿ ಎತ್ತುಗಳನ್ನೂ ಮಾಡಿಕೊಂಡೆ. ಇವು ಹೋದರೆ ಮತ್ತೆ ಉಪ್ಪಿನ ಬುಟ್ಟಿಯೇ ಗತಿ. ಓದುವವರಿಗೆ ನನ್ನ ಮೊದಲ ಸಲಹೆ ಇಷ್ಟು: ದೂರ ಹೊರಟಾಗ ಎತ್ತಿಗೆ ಹುರುಳಿ, ತನಗೆ ಬುತ್ತಿ, ಎರಡನ್ನೂ ಮನೆಯಿಂದಲೇ ಕಟ್ಟಿಕೊಳ್ಳಬೇಕು. ದಾರಿಯಲ್ಲಿ ಕೊಂಡರೆ ಎರಡೂ ದುಬಾರಿ, ಎರಡರಲ್ಲೂ ಕಲ್ಲು.

ಕೊರಟಗೆರೆ ಹದಿನಾರು ಮೈಲಿ. ಗಾಡಿ ಹೊಡೆಯುವ ಕರಿಯಣ್ಣ ಅರ್ಧ ದಾರಿ ಹಾಡುತ್ತ, ಇನ್ನರ್ಧ ತೂಕಡಿಸುತ್ತ ಬಂದ. ಎತ್ತುಗಳು ಅವನ ತೂಕಡಿಕೆಯಲ್ಲೇ ಹೆಚ್ಚು ಚುರುಕಾಗಿ ನಡೆದವು. ಊರಿನಲ್ಲಿ ನಾಲ್ಕಾಣೆಯ ಊಟ ಮಾಡುವಾಗ, ಮರುದಿನ ಅದೇ ಊರಿನ ಸರ್ಕಾರಿ ಉಗ್ರಾಣದಲ್ಲಿ ಹಳೆಯ ಕಬ್ಬಿಣದ ಹರಾಜು ಇದೆಯೆಂದು ಕೇಳಿ, ಎರಡನೆಯ ಸಲ ಬಡಿಸಿದ ಸಾರನ್ನೂ ಬಿಟ್ಟು ಎದ್ದೆ.

ಉಗ್ರಾಣದ ಅಂಗಳದಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಅವರಲ್ಲಿ ಹೆಚ್ಚಿನವರು ಬಿಸಿಲು ಕಾಯಿಸಲು ಬಂದವರು. ಕೊಳ್ಳಲು ಬಂದವರು ನಾನು ಮತ್ತು ಪರಸೀಮೆಯ ಒಬ್ಬ ರೆಡ್ಡಿ; ಪಾವಗಡದ ಆಚೆ ಅವರಿಗೆ ದೊಡ್ಡ ಜಮೀನಂತೆ. ಉಗ್ರಾಣದ ಸಾಹೇಬರು ಕೋಟು ತೊಟ್ಟು, ಒಂದು ರಾಶಿಯ ಮೇಲಿನ ಗೋಣಿ ಎತ್ತಿಸಿ ಕೂಗಿದರು: "ಹಳೆಯ ನೀರಿನ ಕೊಳವೆ. ಒಟ್ಟು ರಾಶಿ!"

ನಾನು ಬಗ್ಗಿ ನೋಡಿದೆ. ಆಳೆತ್ತರಕ್ಕೆ ಸ್ವಲ್ಪ ಕಡಮೆ ಉದ್ದದ ಒಳ್ಳೆಯ ಕಬ್ಬಿಣ. ಒಂದು ತುದಿ ತೆರೆದಿತ್ತು, ಇನ್ನೊಂದು ಮುಚ್ಚಿತ್ತು, ಮುಚ್ಚಿದ ತುದಿಯ ಪಕ್ಕದಲ್ಲಿ ಕಾಳು ಹೋಗುವಷ್ಟು ತೂತು. ಕಬ್ಬಿಣದಲ್ಲೇ ಬದುಕುವವನಿಗೆ ಕೋವಿಯ ನಳಿಗೆ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಂದೂಕು ಇಟ್ಟುಕೊಳ್ಳಬಾರದು, ಮಾರಬಾರದು, ಸೀಮೆ ದಾಟಿಸಬಾರದು ಎಂದು ಸರ್ಕಾರ ತಮಟೆ ಹೊಡೆಸಿ, ಹಳೆಯ ಕೋಟೆಗಳ ಸುತ್ತ ತಲೆತಲಾಂತರದಿಂದ ಇರುವ ಮನೆಗಳಿಂದೆಲ್ಲ ಕೋವಿಗಳನ್ನು ಕಿತ್ತು ತಂದಿತ್ತು.

"ಇದರಲ್ಲಿ ನೀರು ಯಾವ ಕಡೆಯಿಂದ ಬರುತ್ತೆ ಸ್ವಾಮಿ? ಒಂದು ತುದಿ ಮುಚ್ಚಿದೆಯಲ್ಲ?" ಎಂದೆ.

"ನೀರು ಬರೋದಿಲ್ಲ. ಅದಕ್ಕೇ ಹರಾಜು ಹಾಕ್ತಿರೋದು," ಎಂದರು ಸಾಹೇಬರು.

ಇಷ್ಟು ಸರಿಯಾದ ಉತ್ತರ ಕೊಡುವ ಅಧಿಕಾರಿಯ ಜೊತೆ ವಾದ ಸಲ್ಲದು. ಸರ್ಕಾರ ಕೊಳವೆ ಎಂದರೆ ನನಗೂ ಅದು ಕೊಳವೆಯೇ. ಮನಸ್ಸಿನಲ್ಲೇ ಅಳೆದೆ. ಯುದ್ಧದಿಂದಾಗಿ ಕಬ್ಬಿಣ ಸಿಗದೆ ಹೆಂಗಸರು ಬಿದಿರಿನ ಊದುಗೊಳವೆ ಸುಟ್ಟುಕೊಂಡು ಒದ್ದಾಡುತ್ತಿದ್ದರು. ಒಂದು ನಳಿಗೆಗೆ ಎರಡು ಊದುಗೊಳವೆ. ಮುಚ್ಚಿದ ತುದಿಯ ತುಂಡನ್ನು ನಿಲ್ಲಿಸಿದರೆ ಹಲ್ಲಿಲ್ಲದ ಮುದುಕರಿಗೆ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ. ಬಿಸಾಡುವುದು ಏನೂ ಇಲ್ಲ.

ರೆಡ್ಡಿ ತೀರ ಕಡಮೆ ಬೆಲೆ ಕೂಗಿ, ಹರಾಜು ಮುಗಿಯಿತೆಂಬಂತೆ ಶಲ್ಯ ಕೊಡವಿದರು. ನಾನು ಮೇಲೆ ಕೂಗಿದೆ. ಅವರು ನನ್ನನ್ನು ನೋಡದೆ ಸಾಹೇಬರನ್ನು ನೋಡಿದರು. ಸಾಹೇಬರು ನನ್ನನ್ನು, ಊಟದಲ್ಲಿ ಕೂದಲು ಸಿಕ್ಕವರಂತೆ ನೋಡಿದರು. ಇನ್ನೆರಡು ಸಲ ಕೂಗುವಷ್ಟರಲ್ಲಿ ರೆಡ್ಡಿಗೆ ಸಿಟ್ಟು ಬಂತು. "ಎವರಯ್ಯಾ ವೀಡು?" ಎಂದು, ಇವನ್ಯಾರೆಂಬಂತೆ ನನ್ನತ್ತ ಕೈ ತೋರಿಸಿ, ಎದ್ದೇ ಹೋದರು. ಬಿಸಿಲು ಕಾಯಿಸುತ್ತಿದ್ದವರೆಲ್ಲ ನೋಡುತ್ತಿದ್ದುದರಿಂದ ಸಾಹೇಬರಿಗೆ ರಾಶಿಯನ್ನು ನನಗೇ ಬಿಡದೆ ವಿಧಿಯಿರಲಿಲ್ಲ.

ಆಮೇಲೆ ನನ್ನನ್ನು ಬೇವಿನ ಮರದ ಮರೆಗೆ ಕರೆದರು. "ನೋಡಿ ಶೆಟ್ಟರೆ, ಈ ಮಾಲಿನ ಇನ್ನೊಂದು ಭಾಗ ಸಿರಾದಲ್ಲಿದೆ. ಅದನ್ನೂ ಎತ್ತಿಕೊಂಡು ಪಾವಗಡಕ್ಕೆ ಬನ್ನಿ. ರೆಡ್ಡಿಗಾರು ಅಲ್ಲಿ ನಿಮ್ಮಿಂದ ಕೊಳ್ತಾರೆ, ಒಳ್ಳೆ ಲಾಭ ಸಿಗುತ್ತೆ. ದಾರೀಲಿ ಯಾರೂ ತಡೆಯೋದಿಲ್ಲ, ನಾನು ಹೇಳಿಕಳಿಸ್ತೀನಿ."

"ಬೆಲೆ ಸರಿಬಂದರೆ ಕೊಡೋಣ ಸ್ವಾಮಿ," ಎಂದೆ. ಕೊಡುತ್ತೇನೆಂದು ಹೇಳಲಿಲ್ಲ. ಎರಡು ಮಾತಿಗೂ ಇರುವ ದೂರವನ್ನು ವ್ಯಾಪಾರಿಯಾದವನು ತಿಳಿದಿರಬೇಕು.

ಮಧುಗಿರಿಗೆ ಹನ್ನೊಂದು ಮೈಲಿ. ಊರಿನ ತಲೆಯ ಮೇಲೆ ಒಂದೇ ಕಲ್ಲಿನ ಮಹಾ ಬೆಟ್ಟ, ಅದರ ಮೈಮೇಲೆ ಕೋಟೆ. ಹತ್ತಿದವರು ಬಹಳ ಹೊಗಳುತ್ತಾರೆ. ಮೇಲೆ ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲವೆಂದು ತಿಳಿದು ನಾನು ಹತ್ತಲಿಲ್ಲ. ನೇರವಾಗಿ ಕುಲುಮೆಗೆ ಹೋಗಿ, ಆಚಾರಿಗೆ ಕತ್ತರಿಸುವ ಕೂಲಿ ಮಾತಾಡಿ ಕೆಲಸ ಹಚ್ಚಿದೆ. ಗರಗಸದಿಂದ ಕತ್ತರಿಸು ಎಂದರೂ ಕೇಳದೆ ಅವನು ಒಂದು ನಳಿಗೆಯನ್ನು ಕೆಂಡಕ್ಕಿಟ್ಟ. ಸ್ವಲ್ಪ ಹೊತ್ತಿಗೆ ಢಂ ಎಂದಿತು! ಎದುರು ಮನೆಯ ಮಾಡಿನ ಮೇಲಿದ್ದ ಕುಂಬಳಕಾಯಿ ಎರಡು ಹೋಳಾಗಿ ಅಂಗಳಕ್ಕೆ ಬಿತ್ತು. ಯಾವುದೋ ಕಾಲದಲ್ಲಿ ಹಂದಿಗೆಂದು ತುಂಬಿಟ್ಟ ಮದ್ದು.

ಆಚಾರಿ ತಿದಿಯ ಹಿಂದಿನಿಂದ ತಲೆಯೆತ್ತಿದ. "ಸೆಟ್ರೇ, ಎಷ್ಟೋ ಕೊಳ್ವೆ ಕಾಯ್ಸಿವ್ನಿ. ಇಂಗೆ ಉತ್ರ ಕೊಟ್ಟಿದ್ದು ಇದೇ ಮೊದ್ಲು ಕಣಪ್ಪ!"

"ಸರ್ಕಾರಿ ಕೊಳವೆ ಅಲ್ವೇ," ಎಂದೆ. ಕುಂಬಳಕಾಯಿಯ ಬೆಲೆ ಕೊಟ್ಟು ಹೋಳುಗಳನ್ನು ನಾವೇ ತೆಗೆದುಕೊಂಡೆವು. ಆ ದಿನದ ಪಲ್ಯಕ್ಕಾಯಿತು.

ಮರುದಿನ ಕೋಟೆಯ ಬುಡದ ಕೇರಿಯಲ್ಲಿ ಗಾಡಿ ನಿಲ್ಲಿಸಿ ಕೂಗಿದೆ. ಊದುಗೊಳವೆಗಳು ಬಿಸಿ ಬೋಂಡದಂತೆ ಹೋದವು. ದುಡ್ಡಿಲ್ಲದವರು ಹುರುಳಿ, ಹುಣಿಸೆಹಣ್ಣು ತಂದು ಸುರಿದರು. ಗಿರಿಯಮ್ಮನೆಂಬ ಹೆಂಗಸು ಒಂದು ಕೊಳವೆಯನ್ನು ಕೈಗೆತ್ತಿಕೊಂಡವಳು ಕಿರುಚಿಯೇಬಿಟ್ಟಳು.

"ಅಯ್ಯೋ! ಇದು ನಮ್ಮಾವ್ನ ಕೋವಿ ಕಣಯ್ಯಾ! ಈ ಇತ್ತಾಳೆ ಕಟ್ಟು ನಾನೇ ಉಣ್ಸೇಣ್ಣು ಆಕಿ ಉಜ್ತಿದ್ದೆ. ತಮ್ಟೆ ಒಡ್ಕೊಂಡ್ ಬಂದು ಕಿತ್ಕೊಂಡೋದ್ರು. ನಿನ್ ಕೈಗೆ ಎಂಗ್ ಬಂತು?"

"ಸರ್ಕಾರ ಮಾರಿತು ತಾಯಿ."

"ಮಾರ್ಬಾರ್ದು ಅಂತ ಕಿತ್ಕೊಂಡೋದೋರೇ ಮಾರ್ಬುಟ್ರಾ?"

"ನೀರಿನ ಕೊಳವೆ ಅಂತ ಮಾರಿದ್ದಾರೆ."

"ಅಂಗಾರೆ ಅವ್ರೂ ಇದ್ರಲ್ಲೇ ನೀರ್ ಕುಡೀಲಿ ಬುಡು. ನಮ್ ಕೋವಿಗೆ ನಾನೇ ದುಡ್ ಕೊಡ್ಬೇಕಾ? ಇನ್ನರ್ಧ ಎಲ್ಲೈತೆ ತೆಗಿ, ಸೊಸೆಗೆ ಬೇಕು."

ಒಂದು ಸೇರು ಹುರುಳಿಗೆ ಎರಡು ಊದುಗೊಳವೆ, ಮೇಲೊಂದು ಕುಟ್ಟಾಣಿ ಹಿಡಿದುಕೊಂಡು ಹೊರಟಳು. ವ್ಯಾಪಾರದಲ್ಲಿ ನನ್ನನ್ನು ಸೋಲಿಸಿದವರು ಕಡಮೆ. ಮಧುಗಿರಿಗೆ ಹೋಗುವವರು ಆ ಕೇರಿಯಲ್ಲಿ ಎಚ್ಚರದಿಂದಿರಬೇಕು.

ಸಿರಾದ ದಾರಿ ಬಯಲು, ಬಿಸಿಲು, ಜಾಲಿ. ಅಲ್ಲಿಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಖಾದರ್ ಸಾಹೇಬರು ನಾನು ಹೆಸರು ಹೇಳುವ ಮೊದಲೇ ಚಹಾ ತರಿಸಿದರು. "ಆಯಿಯೇ ಸೇಠ್, ಆಯಿಯೇ! ನಿಮ್ಮ ನೇಗಿಲ ಮೇಣಿ ತಯಾರಿದೆ." ಬಾಗಿಲು ತೆಗೆದರೆ ಕೋವಿಯ ಮರದ ಹಿಡಿಗಳ ರಾಶಿ. ನೇಗಿಲಿಗೆ ಹಿಡಿ ಬೇಕು ನಿಜ. ಅದನ್ನು ಹೆಗಲಿಗಾನಿಸಿ ಒಂದು ಕಣ್ಣು ಮುಚ್ಚಿ ಉಳುವ ರೈತನನ್ನು ಮಾತ್ರ ನಾನು ಕಂಡಿಲ್ಲ.

"ಸಾಹೇಬರೇ, ಮಾರಬಾರದೆಂದು ಆಜ್ಞೆ ಇದೆಯಲ್ಲ?" ಎಂದು ಮೆಲ್ಲಗೆ ಕೇಳಿದೆ.

"ಹೈ ನಾ! ಗೋಡೆ ಮೇಲೆ ಅಂಟಿಸಿದ್ದು ನಾನೇ. ಆಜ್ಞೆ ಮಾಡಿದೋರೂ ಮೇಲಿನೋರೇ, ಕಳಿಸಿಬಿಡು ಅಂದೋರೂ ಅವರೇ. ಆಜ್ಞೆ ಮಾತ್ರ ಕಾಗದದಲ್ಲಿ ಬಂತು, ಇನ್ನೊಂದು ಬಾಯಲ್ಲಿ ಬಂತು. ನನಗೆ ಎರಡೂ ಸರ್ಕಾರೀ ಹುಕುಂ. ಚಹಾ ಆರಿಹೋಗ್ತದೆ ಸೇಠ್, ಕುಡೀರಿ."

ಬೆಲೆ ಹೆಚ್ಚೇನಿರಲಿಲ್ಲ. ತುಂಬಿಸಿಕೊಂಡೆ. ಆದರೆ ಊರು ದಾಟುತ್ತಲೇ ಕರಿಯಣ್ಣ ಗಾಡಿ ನಿಲ್ಲಿಸಿದ.

"ಸೆಟ್ರೇ, ಆ ರೆಡ್ಡಿ ಕಾಯ್ತಿರೋದು ಕೋವಿಗೆ. ನೀವು ಕುಯ್ದು ಮಾರ್ಬುಟ್ರಿ. ನಾಳೆ ನಮ್ನ ಕುಯ್ದಾಕ್ತಾನೆ."

"ಲೇ, ಕೋವಿ ಕೊಡುತ್ತೇನೆಂದು ನಾನು ಎಲ್ಲಿ ಹೇಳಿದೆ? ಕೋವಿ ಮಾರಿದ್ದೇವೆಂದು ಅವರೆಲ್ಲಿ ಹೇಳಿದರು?"

"ಮಾತು ನಿಮ್ದು ಗಟ್ಟಿ ಬುಡಿ. ಎತ್ತೇ ಓಗ್ಬುಟ್ರೆ ಗಾಡಿ ಯಾರೆಳೀತಾರೆ?"

ಪಾವಗಡಕ್ಕೆ ಹೋಗದೆ ತಿರುಗಿದರೆ ಕದ್ದು ಓಡಿದನೆಂದು ಹಿಡಿಯುತ್ತಾರೆ. ಹೋದರೆ ಮಾತಾಡಲು ಒಂದು ಬಾಯಾದರೂ ಇರುತ್ತದೆ. ಹೋಗುವುದೆಂದೇ ನಿಶ್ಚಯಿಸಿದೆ. ಮದಲೂರು ಕೆರೆಯ ಏರಿಯ ಮೇಲೆ ಎತ್ತುಗಳಿಗೆ ನೀರು ತೋರಿಸುವಾಗ ಕಣದಲ್ಲಿ ಹುರುಳಿ ಬಡಿಯುತ್ತಿದ್ದವರು ಕಂಡರು. ಕೋವಿಯ ಹಿಡಿ ಬಡಿಯುವುದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಬಿಸಿಲಿಳಿಯುವುದರೊಳಗೆ ಹಿಡಿಗಳೂ ಖಾಲಿಯಾದವು. ಭಯವಿದ್ದಾಗಲೂ ಬಂದ ಗಿರಾಕಿಯನ್ನು ಕಳಿಸಬಾರದು.

ಪಾವಗಡ ನಮ್ಮ ಸಂಸ್ಥಾನದ್ದೇ ಆದರೂ ಸುತ್ತಲೂ ಬ್ರಿಟಿಷ್ ಸೀಮೆ. ಅವರ ನೆಲವನ್ನು ಸ್ವಲ್ಪ ತುಳಿದೇ ಹೋಗಬೇಕು. ಹಿಂದೆ ಒಂದು ಮೂಟೆ ಹುಣಿಸೆಹಣ್ಣಿಗಾಗಿ ಚೌಕಿಯಲ್ಲಿ ಅರ್ಧ ದಿನ ನಿಂತವನು ನಾನು. ಈ ಸಲ ಚೌಕಿಯವನು ಗೋಣಿಯನ್ನು ಮುಟ್ಟಲೂ ಇಲ್ಲ. "ಕೊಳವೆ ಗಾಡಿ ತಾನೆ? ಪೋಂಡಿ, ಪೋಂಡಿ," ಎಂದು ದಾರಿಯ ಅಡ್ಡಮರ ಎತ್ತಿ ಸಲಾಮು ಹೊಡೆದ. ಸಲಾಮು ಕಂಡು ಇಷ್ಟು ಹೆದರಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಪಾವಗಡದಲ್ಲಿ ಸಂತೆಯ ದಿನ. ಮುಸಾಫರಖಾನೆಯ ಜಗಲಿಯಲ್ಲಿ ಬಸ್ಸಿನಲ್ಲಿ ಮೊದಲೇ ಬಂದಿದ್ದ ಕೊರಟಗೆರೆಯ ಸಾಹೇಬರೂ ರೆಡ್ಡಿಯೂ ಕುಳಿತಿದ್ದರು. ರೆಡ್ಡಿಯೇ ಇಳಿದುಬಂದು ಗೋಣಿ ಎತ್ತಿದರು. ಒಳಗೆ ಹುರುಳಿ, ಹುಣಿಸೆಹಣ್ಣು, ಮಾರದೆ ಉಳಿದ ಕೆಲವು ಕುಟ್ಟಾಣಿ.

"ಎಕ್ಕಡಯ್ಯಾ ನಾ ತುಪಾಕುಲು?" ಎಂದು ಗರ್ಜಿಸಿದರು.

"ಶ್! ಕೊಳವೆ ಅನ್ನಿ, ಕೊಳವೆ!" ಎಂದು ಸಾಹೇಬರು ಓಡಿಬಂದರು.

"ಕೊಳವೆಗಳು ಮಧುಗಿರಿಯ ಒಲೆಗಳ ಮುಂದಿವೆ ಸ್ವಾಮಿ. ಮೇಣಿಗಳು ಮದಲೂರಿನ ಕಣದಲ್ಲಿವೆ," ಎಂದೆ. "ಒಳ್ಳೆ ಬೆಲೆ ಬಂತು."

ಸಾಹೇಬರ ಮುಖ ಬೂದಿಯಾಯಿತು. ಜವಾನರನ್ನು ಕರೆದು, "ಗಾಡಿ ಜಪ್ತಿ ಮಾಡ್ರೋ! ಎತ್ತು ಒಳಗೆ ಕಟ್ಟಿ!" ಎಂದು ಕೂಗಿದರು. ನೊಗ ಕಳಚಿ ಎಳೆದುಕೊಂಡು ಹೋಗುವಾಗ ಎಡಗಡೆಯ ಎತ್ತು ನಿಂತು ತಿರುಗಿ ನೋಡಿತು. ಕರಿಯಣ್ಣ ನೆಲದ ಮೇಲೆ ಕುಕ್ಕರಿಸಿದ. ನಾನು ಜಗಲಿ ಹತ್ತಿ ಚಾಪೆಯ ಮೇಲೆ ಕುಳಿತೆ. ಭಯವಾದಾಗ ಕುಳಿತುಬಿಡಬೇಕು, ಮೊಣಕಾಲು ಕಾಣುವುದಿಲ್ಲ.

"ಜಪ್ತಿ ಮಾಡಿ ಸ್ವಾಮಿ. ಯಾವ ತಪ್ಪಿಗೆ ಅಂತ ಬರೆದು ರುಜು ಹಾಕಿ ಕೊಟ್ಟುಬಿಡಿ, ಹೋಗ್ತೀನಿ."

ಸಾಹೇಬರು ಕಾಗದ ತೆಗೆದುಕೊಂಡು, ಸರ್ಕಾರಿ ಬಂದೂಕುಗಳನ್ನು, ಎಂದು ಬರೆದು ಹೊಡೆದುಹಾಕಿದರು. ಸರ್ಕಾರಿ ಕೊಳವೆಗಳನ್ನು ಊದುಗೊಳವೆಯಾಗಿ ಮಾರಿದ್ದರಿಂದ, ಎಂದು ಬರೆದು ಅದನ್ನು ದಿಟ್ಟಿಸಿದರು. ಅದನ್ನೂ ಹೊಡೆದರು. ಶಾಯಿ ಮುಗಿಯುತ್ತಿತ್ತು. ಅಷ್ಟರಲ್ಲಿ ರೆಡ್ಡಿ, ತಾವು ಸಾಹೇಬರಿಗೆ ಮುಂಗಡ ಕೊಟ್ಟ ದುಡ್ಡನ್ನು ಎಣಿಸಿಡಬೇಕೆಂದು ಸಂತೆಗೆಲ್ಲ ಕೇಳುವ ಹಾಗೆ ತೆಲುಗಿನಲ್ಲಿ ಕೂಗತೊಡಗಿದರು. ಕಡಲೆಕಾಯಿ ಮಾರುವವರು ತಕ್ಕಡಿ ಬಿಟ್ಟು ಬಂದು ನಿಂತರು.

"ಏಮಯಿಂದಿ ಸೆಟ್ಟಿಗಾರು?" ಎಂದು ಒಬ್ಬ ನನ್ನನ್ನು ಕೇಳಿದ.

"ಹೇಳಲೇ ಸ್ವಾಮಿ?" ಎಂದು ಸಾಹೇಬರನ್ನು ಕೇಳಿದೆ. "ಕೊರಟಗೆರೆಯಿಂದ ಶುರು ಮಾಡಲೇ?"

ಸಾಹೇಬರು ಜನರನ್ನು ನೋಡಿದರು, ರೆಡ್ಡಿಯನ್ನು ನೋಡಿದರು. "ಎತ್ತು ಬಿಡ್ರೋ!" ಎಂದರು.

"ಕಟ್ಟಿದ್ದೇಕೆ ಅಂತ ಒಂದು ಸಾಲು ಬರೆದುಕೊಡಿ ಸ್ವಾಮಿ. ನಾಳೆ ಇನ್ನೊಬ್ಬರು ಹಿಡಿದರೆ ನಾನೇನು ತೋರಿಸಲಿ?"

ಹಲ್ಲು ಕಚ್ಚಿ ಬರೆದರು. ಎತ್ತುಗಳು ಬಹಳ ಬಳಲಿದ್ದುದರಿಂದ ಸರ್ಕಾರದ ವತಿಯಿಂದ ವಿಶ್ರಾಂತಿ ಕೊಡಿಸಿ ಬಿಡಲಾಗಿದೆ ಎಂದು. ಕೆಳಗೆ ರುಜು.

ಕರಿಯಣ್ಣ ನೊಗ ಹೂಡಿದ. ಎತ್ತುಗಳ ಕತ್ತು ತಡವಿ ಗಾಡಿ ಹತ್ತಿದೆವು. ಗಾಡಿ ಹೊರಳುವಾಗ ತಿರುಗಿ ನೋಡಿದೆ. ಬೆಟ್ಟದ ಕೆಳಗಿನ ಆ ಜಗಲಿಯಲ್ಲಿ ರೆಡ್ಡಿ ಇನ್ನೂ ಕೈ ಚಾಚಿಕೊಂಡೇ ಇದ್ದರು. "ತುಪಾಕುಲು ಲೇವಾ? ಅಯಿತೇ ನಾ ಡಬ್ಬು!" ಸಾಹೇಬರು ಕೋಟಿನ ಗುಂಡಿ ಹಾಕಿಕೊಂಡು, ಮೈಸೂರು ಸರ್ಕಾರದ ಪೂರ್ತಿ ಗಾಂಭೀರ್ಯದಿಂದ ಎದ್ದು ನಿಂತರು.

"ಯಾವ ತುಪಾಕಿ? ಯಾವ ದುಡ್ಡು? ಬಂದೂಕು ಮಾರಾಟಕ್ಕೆ ನಿಷೇಧ ಇದೆ ರೆಡ್ಡಿಗಾರೇ, ತಮಗೆ ಗೊತ್ತಿಲ್ವೇ?"

ಆ ಆಜ್ಞೆ ಜಾರಿಗೆ ಬಂದದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದು ಸಲ.